ಮನೆಯಂಗಳದಲ್ಲಿ ಬನ್ನಿ: ಗುರುತು ಹಿಡಿಯುವುದು, ಬೆಳೆಸುವುದು

ಮೊಮ್ಮಕ್ಕಳ ಕಾಲಕ್ಕೂ ನಿಲ್ಲುವಂಥ ಮರವೊಂದು ಅಂಗಳದಲ್ಲಿರಲಿ ಎಂದು ಬಯಸಿ ನರ್ಸರಿಗೆ ಹೋಗಿ ‘ಓಕ್’ ಕೇಳುವವರನ್ನು ಬೆಳಗಾವಿಯಲ್ಲಿ ಹಲವು ಸಲ ಕಂಡಿದ್ದೇನೆ. ಅವರ ಕೈಗೆ ಬರುವುದು ಸಿಲ್ವರ್ ಓಕ್. ಹೆಸರಿನಲ್ಲಿ ಓಕ್ ಇದ್ದರೂ ಅದು ಆ ಕುಲದ್ದಲ್ಲ. ಪೂರ್ವ ಆಸ್ಟ್ರೇಲಿಯಾದಿಂದ ಬಂದ ಗ್ರೆವಿಲಿಯಾ ರೋಬಸ್ಟಾ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಮರ. ನಿಜವಾದ ಓಕ್, ಅಂದರೆ ಕ್ವರ್ಕಸ್ ಕುಲದ ಮರ, ನಮ್ಮ ದೇಶದಲ್ಲಿ ಹಿಮಾಲಯದ ಮತ್ತು ಈಶಾನ್ಯದ ಗುಡ್ಡಗಳಲ್ಲಿ ಬೆಳೆಯುತ್ತದೆ. ದಕ್ಷಿಣದ ಪ್ರಸ್ಥಭೂಮಿಯಲ್ಲಿ ತಾನಾಗಿ ಬೆಳೆಯುವ ಓಕ್ ಒಂದೂ ಇಲ್ಲ. ಚಳಿಯ ನಾಡಿನ ಆ ಮರವನ್ನು ನಲವತ್ತು ಡಿಗ್ರಿ ದಾಟುವ ವಿಜಯಪುರದ ಬೇಸಿಗೆಯಲ್ಲಿ ನೀರೆರೆದು ಬದುಕಿಸಲು ಹೆಣಗುವ ಬದಲು, ಅಷ್ಟೇ ದೀರ್ಘಾಯುಷಿಯಾದ ನಮ್ಮ ಬನ್ನಿಯನ್ನು ಬೆಳೆಸುವುದು ಲೇಸೆಂಬುದು ನನ್ನ ಅಭಿಪ್ರಾಯ.

ಬನ್ನಿ ಬೆಳೆಸಿ ಸೋತವರಲ್ಲಿ ಹೆಚ್ಚಿನವರು ಎಡವುವುದು ಎರಡೇ ಕಡೆ. ಬನ್ನಿಯೆಂದು ತಂದದ್ದು ಬನ್ನಿಯಾಗಿರುವುದಿಲ್ಲ, ಇಲ್ಲವೇ ಅದರ ತಾಯಿಬೇರು ಚೀಲದಲ್ಲಿಯೇ ಸುರುಳಿಯಾಗಿ ಕೆಟ್ಟಿರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಗುರುತಿಗೂ ಬೇರಿಗೂ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದ ಕೆಲಸ ಹಗುರವಾದದ್ದು.

ಮೊದಲ ಹೆಜ್ಜೆ: ಇದು ಬನ್ನಿಯೇ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಬನ್ನಿ ಎಂಬ ಒಂದು ಹೆಸರಿಗೆ ಹಲವು ಮರಗಳು ಓಗೊಡುತ್ತವೆ. ಶಾಸ್ತ್ರಗಳು ಶಮೀವೃಕ್ಷವೆಂದು ಕರೆಯುವ, ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಬಚ್ಚಿಟ್ಟರೆನ್ನುವ, ಊರೂರಿನ ಬನ್ನಿ ಮಹಾಂಕಾಳಿಯ ಕಟ್ಟೆಯ ಮೇಲೆ ನಿಂತಿರುವ ಮರದ ಸಸ್ಯಶಾಸ್ತ್ರೀಯ ಹೆಸರು ಪ್ರೊಸೊಪಿಸ್ ಸಿನೆರೇರಿಯಾ. ರಾಜಸ್ಥಾನದವರು ಇದನ್ನೇ ಖೇಜ್ರಿ ಎನ್ನುತ್ತಾರೆ, ತೆಲಂಗಾಣದವರು ಜಮ್ಮಿ ಎನ್ನುತ್ತಾರೆ; ಎರಡೂ ರಾಜ್ಯಗಳಿಗೆ ಇದು ರಾಜ್ಯವೃಕ್ಷ. 1730ರಲ್ಲಿ ಜೋಧಪುರದ ಹತ್ತಿರದ ಖೇಜರ್ಲಿ ಗ್ರಾಮದಲ್ಲಿ ಅರಸನ ಆಳುಗಳು ಕಡಿಯಲು ಬಂದಾಗ, 363 ಬಿಷ್ಣೋಯಿಗಳು ಅಪ್ಪಿಕೊಂಡು ಪ್ರಾಣ ಕೊಟ್ಟರೆಂದು ಹೇಳಲಾಗುವ ಮರವೂ ಇದೇ.

ಗುರುತು ಹಿಡಿಯುವಾಗ ಎಲೆಗಿಂತ ಮೊದಲು ಮುಳ್ಳನ್ನು ನೋಡಬೇಕು. ಹೆಬ್ಬೆರಳಿನಷ್ಟು ದಪ್ಪದ ಒಂದು ಎಳೆಯ ರೆಂಬೆಯನ್ನು ಹಿಡಿದು, ಎಲೆ ಹುಟ್ಟುವ ಗಿಣ್ಣುಗಳನ್ನೂ ಎರಡು ಗಿಣ್ಣುಗಳ ನಡುವಿನ ಭಾಗವನ್ನೂ ಬೇರೆ ಬೇರೆಯಾಗಿ ಗಮನಿಸಿರಿ. ನಿಜವಾದ ಬನ್ನಿಯಲ್ಲಿ ಬುಡ ಅಗಲವಾಗಿ ತುದಿ ಚೂಪಾದ, ಚಿಕ್ಕ, ನೇರ ಮುಳ್ಳುಗಳು ಗಿಣ್ಣುಗಳ ನಡುವೆ ಅಲ್ಲಲ್ಲಿ ಚದುರಿರುತ್ತವೆ; ಅವು ಜೋಡಿಯಾಗಿ ಬರುವುದಿಲ್ಲ. ಇದೊಂದನ್ನು ಸರಿಯಾಗಿ ನೋಡಿದರೆ ಮೋಸ ಹೋಗುವ ಭಯ ಬಹುಪಾಲು ಕಳೆಯಿತು.

ಬಳ್ಳಾರಿ ಜಾಲಿ, ಅಂದರೆ ಪ್ರೊಸೊಪಿಸ್ ಜೂಲಿಫ್ಲೋರಾ, ಬನ್ನಿಯ ದಾಯಾದಿ. ಅಮೆರಿಕ ಖಂಡದಿಂದ ಬಂದು ಕೆರೆಯಂಗಳ, ಹಳ್ಳದ ದಂಡೆ, ಬೀಳು ಭೂಮಿಗಳನ್ನೆಲ್ಲ ಆಕ್ರಮಿಸಿಕೊಂಡಿದೆ. ಅದರ ನೇರವಾದ ಉದ್ದ ಮುಳ್ಳುಗಳು ಗಿಣ್ಣಿನಲ್ಲಿಯೇ, ಹೆಚ್ಚಾಗಿ ಎರಡೆರಡಾಗಿ ಮೂಡುತ್ತವೆ. ರೆಂಬೆಗಳು ಸೊಟ್ಟಸೊಟ್ಟಾಗಿ ಚಾಚಿಕೊಂಡು, ಬುಡದಿಂದಲೇ ಹಲವು ಕಾಂಡಗಳು ಹೊರಡುತ್ತವೆ. ಕಾಯಿ ದಪ್ಪನಾಗಿ, ಚಪ್ಪಟೆಯಾಗಿ, ಹಣ್ಣಾದಾಗ ಹುಲ್ಲಿನ ಹಳದಿ ಬಣ್ಣಕ್ಕೆ ತಿರುಗುತ್ತದೆ. ಬನ್ನಿಯ ಕಾಯಿಯಾದರೋ ಸಣಕಲು, ಹೆಚ್ಚುಕಡಿಮೆ ದುಂಡು, ಗೇಣುದ್ದದ್ದು. ಗೊಂಚಲಾಗಿ ಕೆಳಗೆ ಜೋತುಬಿದ್ದಿರುತ್ತದೆ. ಬನ್ನಿಗೆ ಸಾಮಾನ್ಯವಾಗಿ ಒಂದೇ ಕಾಂಡ, ಅದರ ಬೂದು ತೊಗಟೆಯಲ್ಲಿ ಆಳವಾದ ಉದ್ದುದ್ದ ಬಿರುಕುಗಳು, ತೆಳ್ಳಗೆ ಬಾಗಿದ ತುದಿಗಳು.

ಎಲೆಯನ್ನು ಈಗ ನೋಡಬಹುದು. ಬನ್ನಿಯ ಒಂದು ಎಲೆಯಲ್ಲಿ ಒಂದರಿಂದ ಮೂರು ಜೋಡಿ ಕವಲುಗಳಿದ್ದು, ಪ್ರತಿ ಕವಲಿನಲ್ಲಿ ಏಳರಿಂದ ಹದಿನಾಲ್ಕು ಜೋಡಿ ಕಿರುಎಲೆಗಳಿರುತ್ತವೆ. ಬಣ್ಣ ಬೂದಿ ಬೆರೆತ ಹಸಿರು. ಬಳ್ಳಾರಿ ಜಾಲಿಯ ಕಿರುಎಲೆಗಳು ಇದಕ್ಕಿಂತ ಕಡುಹಸಿರು, ಉದ್ದ, ಸಂಖ್ಯೆಯಲ್ಲಿಯೂ ಹೆಚ್ಚು. ಹೋಳಿ ಹುಣ್ಣಿಮೆಯ ಹಿಂದೆಮುಂದೆ ಬನ್ನಿಯಲ್ಲಿ ಬೆರಳುದ್ದದ ತೆನೆಯಂತಹ ತಿಳಿಹಳದಿ ಹೂಗಳು ಬರುತ್ತವೆ.

ಕೆಲವು ಕನ್ನಡ ಪುಸ್ತಕಗಳು ಬನ್ನಿಯೆಂದು ಕರೆಯುವ ಇನ್ನೊಂದು ಮರ ಸೆನೆಗಾಲಿಯಾ ಫೆರುಜೀನಿಯಾ. ಅದರ ಮುಳ್ಳು ಬಾಗಿದ ಕೊಕ್ಕೆಯಂತಿದ್ದು ಎಲೆಯ ಬುಡದಲ್ಲಿ ಜೋಡಿಯಾಗಿರುತ್ತದೆ, ಕಾಯಿ ತೆಳುವಾಗಿ ಚಪ್ಪಟೆಯಾಗಿರುತ್ತದೆ. ಅದೂ ನಮ್ಮ ನೆಲದ ಒಳ್ಳೆಯ ಮರವೇ ಆದ್ದರಿಂದ ಅದನ್ನು ನೆಟ್ಟವರು ಕಿತ್ತುಹಾಕುವ ಅಗತ್ಯವಿಲ್ಲ. ಮಹಾರಾಷ್ಟ್ರದ ಗಡಿಯ ಕಡೆ ದಸರೆಯಲ್ಲಿ ಬಂಗಾರವೆಂದು ಹಂಚುವ, ಗೊರಸಿನಂತೆ ಎರಡು ಭಾಗವಾಗಿ ಕಾಣುವ ಎಲೆ ಮಂದಾರದ ಜಾತಿಯ ಬೌಹಿನಿಯಾ ರೆಸಿಮೋಸಾ; ಮರಾಠಿಯಲ್ಲಿ ಆಪ್ಟಾ. ಅದಕ್ಕೆ ಮುಳ್ಳೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಮೋಸ ಹೋಗುವುದು ಕುಂಡದಲ್ಲಿ ಮಾರುವ ‘ಶಮಿ’ ಗಿಡದ ವಿಷಯದಲ್ಲಿ. ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಿದ ವರ್ಷ ನಾನೂ ಅಂಥದೊಂದನ್ನು ಪೂಜೆ ಮಾಡಿ ನೆಟ್ಟೆ. ಎರಡನೆಯ ವರ್ಷ ಅದು ಅರ್ಧ ಗುಲಾಬಿ, ಅರ್ಧ ಹಳದಿಯಾದ, ಪುಟ್ಟ ಆಕಾಶಬುಟ್ಟಿಯಂತೆ ತೂಗುವ ಹೂ ಬಿಟ್ಟಾಗ ನನಗೆ ಬುದ್ಧಿ ಬಂತು. ಅದು ಡೈಕ್ರೋಸ್ಟ್ಯಾಕಿಸ್ ಸಿನೇರಿಯಾ ಎಂಬ ಪೊದೆ. ಬನ್ನಿಯ ಹೆಸರಿನ ಸಿನೆರೇರಿಯಾ, ಈ ಪೊದೆಯ ಹೆಸರಿನ ಸಿನೇರಿಯಾ ಎರಡೂ ಬೂದಿ ಎಂಬರ್ಥದ ಒಂದೇ ಲ್ಯಾಟಿನ್ ಪದದಿಂದ ಬಂದವು. ಚೀಟಿ ಬರೆಯುವವರು ತಪ್ಪುವುದಕ್ಕೆ ಇದೂ ಒಂದು ಕಾರಣವಿರಬಹುದು. ಈ ಪೊದೆಯ ಬೇರಿನಿಂದ ಮರಿಗಿಡಗಳು ಏಳುತ್ತಲೇ ಇರುತ್ತವೆ, ತೆಗೆದಷ್ಟೂ ಬರುತ್ತವೆ. ಹೂ ನೋಡದೆ ಕುಂಡದ ಶಮಿಯನ್ನು ನೆಲಕ್ಕಿಳಿಸಬಾರದು.

ಎರಡನೆಯ ಹೆಜ್ಜೆ: ಜಾಗ

ಬೆಳೆದ ಬನ್ನಿ ಇಪ್ಪತ್ತರಿಂದ ನಲವತ್ತು ಅಡಿ ಎತ್ತರವಾಗುತ್ತದೆ. ಅದರ ಬೇರು ಅದಕ್ಕಿಂತ ಎಷ್ಟೋ ಆಳಕ್ಕೆ ಇಳಿಯುತ್ತದೆ. ಗೋಡೆಯಿಂದ, ಸಂಪಿನಿಂದ, ಶೌಚದ ಗುಂಡಿಯಿಂದ ಕನಿಷ್ಠ ಇಪ್ಪತ್ತು ಅಡಿ ದೂರವಿರಬೇಕು. ಎರೆ ಭೂಮಿಯಲ್ಲಿ ಈ ಅಂತರಕ್ಕೆ ಇನ್ನೂ ಒಂದು ಕಾರಣವಿದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿಬಿಡುತ್ತದೆ. ಅಡಿಪಾಯದ ಬದಿಯ ತೇವವನ್ನು ದೊಡ್ಡ ಮರವೊಂದು ಹೀರತೊಡಗಿದರೆ ಮಣ್ಣು ಮತ್ತಷ್ಟು ಕುಗ್ಗಿ ಗೋಡೆಯಲ್ಲಿ ಸೀಳು ಕಾಣಿಸಿಕೊಳ್ಳಬಹುದು. ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ ಮೂರಡಿ ಓಣಿ ಬಿಟ್ಟವರಿಗೆ ನಾನು ನೇರವಾಗಿಯೇ ಹೇಳುತ್ತೇನೆ: ಅಲ್ಲಿ ಬನ್ನಿ ಬೇಡ. ಹೊಲದ ಬದುವಿನಲ್ಲಿ ಅಥವಾ ಗುಡಿಯ ಬಯಲಿನಲ್ಲಿ ನೆಡಿರಿ.

ಕರೆಂಟಿನ ತಂತಿಯ ಕೆಳಗೆ ನೆಡಬಾರದು. ಇನ್ನೊಂದು ಮಾತು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರವನ್ನು ಕಡಿಯುವುದಕ್ಕೂ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಜಾಗ ತಪ್ಪಿದರೆ ಆಮೇಲೆ ಸರಿಪಡಿಸುವುದು ಕಷ್ಟ.

ಹಗಲಿಡೀ ಬಿಸಿಲು ಬೀಳುವ ಸ್ಥಳ ಬೇಕು. ಮಣ್ಣಿನ ಬಗ್ಗೆ ಬನ್ನಿ ಹೆಚ್ಚು ತಕರಾರು ಮಾಡುವುದಿಲ್ಲ. ಗರಸು, ಮಸಾರಿ, ಮರಡಿ, ಸ್ವಲ್ಪ ಸವಳು ಎಲ್ಲವನ್ನೂ ತಾಳುತ್ತದೆ. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎನ್ನುವ ಡೋಣಿ ಕಣಿವೆಯ ಉಪ್ಪುಮಣ್ಣಿನ ಅಂಚಿನಲ್ಲಿ ಬೇರೆ ಹಣ್ಣಿನ ಗಿಡಗಳು ಎಲೆ ಸುಟ್ಟುಕೊಳ್ಳುವ ಕಡೆಯೂ ಬನ್ನಿಯನ್ನು ಪ್ರಯತ್ನಿಸಬಹುದು. ನೀರು ನಿಲ್ಲುವುದನ್ನು ಮಾತ್ರ ಅದು ಸಹಿಸುವುದಿಲ್ಲ. ಆದ್ದರಿಂದ ಅಥಣಿ, ರಾಯಬಾಗ, ಸವದತ್ತಿಯವರಿಗೆ ಹೇಳುವ ಮಾತನ್ನು ಖಾನಾಪುರದವರಿಗೆ ಹೇಳಲಾರೆ. ಸಹ್ಯಾದ್ರಿಯ ಮಳೆ ಸುರಿಯುವ ಆ ಪಟ್ಟಿಯಲ್ಲಿ ನೇರಳೆಯೋ ಹಲಸೋ ಸುಖವಾಗಿ ಬೆಳೆಯುವಾಗ ಒಣನೆಲದ ಮರವನ್ನು ಒತ್ತಾಯದಿಂದ ತಂದು ನಿಲ್ಲಿಸಬೇಕಾಗಿಲ್ಲ.

ಮೂರನೆಯ ಹೆಜ್ಜೆ: ಬೀಜ

ಓಕಿನ ಬೀಜವನ್ನಾಗಲಿ ನಮ್ಮ ಬೇವಿನ ಬೀಜವನ್ನಾಗಲಿ ಹಸಿಯಾಗಿರುವಾಗಲೇ ಊರಬೇಕು. ಒಣಗಿಸಿಟ್ಟರೆ ಬೇಗನೆ ಸಾಯುತ್ತವೆ. ಬನ್ನಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರ ಬೀಜದ ಸಿಪ್ಪೆ ಗಟ್ಟಿಯಾಗಿರುವುದರಿಂದ ಒಣಗಿಸಿ ಡಬ್ಬಿಯಲ್ಲಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ, ಆದರೆ ಅದೇ ಸಿಪ್ಪೆಯ ಕಾರಣದಿಂದ ಹಾಗೆಯೇ ಊರಿದರೆ ಮೊಳೆಯಲು ತಡಮಾಡುತ್ತದೆ.

ಬೇಸಿಗೆಯ ಕೊನೆಗೆ ಕಾಯಿ ಒಣಗಿ ಕಂದುಬಣ್ಣಕ್ಕೆ ತಿರುಗಿದಾಗ, ಗುರುತು ಖಚಿತವಾದ ಹಳೆಯ ಮರವೊಂದರಿಂದ ಕಿತ್ತು ತನ್ನಿರಿ. ಊರ ಬನ್ನಿಕಟ್ಟೆಯ ಮರವಾದರೆ ಪೂಜಾರಿಯವರನ್ನು ಒಂದು ಮಾತು ಕೇಳಿಯೇ ಕೀಳಬೇಕು. ನೆಲಕ್ಕೆ ಬಿದ್ದ ಕಾಯಿಯಲ್ಲಿ ಹುಳು ಹೊಕ್ಕಿರುವುದು ಹೆಚ್ಚು. ಬೀಜದಲ್ಲಿ ಸೂಜಿಯಿಂದ ಕೊರೆದಂಥ ದುಂಡು ತೂತು ಕಂಡರೆ ಅದನ್ನು ಎಸೆಯಿರಿ. ಒಂದು ಕಾಯಿಯಲ್ಲಿ ಹತ್ತರಿಂದ ಇಪ್ಪತ್ತೈದು ಬೀಜಗಳಿರುತ್ತವೆ, ಹತ್ತು ಕಾಯಿ ಬೇಕಾದಷ್ಟಾಯಿತು.

ಬೀಜದ ಒಂದು ಬದಿಯನ್ನು, ಮೊಳಕೆ ಬರುವ ಚೂಪು ತುದಿಯನ್ನು ಬಿಟ್ಟು, ಮರಳುಕಾಗದದ ಮೇಲೆ ಬಣ್ಣ ಬದಲಾಗುವವರೆಗೆ ಉಜ್ಜಿರಿ. ಹೆಚ್ಚು ಬೀಜಗಳಿದ್ದರೆ ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಅದರಲ್ಲಿ ಬೀಜ ಹಾಕಿ ಮರುದಿನದವರೆಗೆ ಹಾಗೆಯೇ ಆರಲು ಬಿಡಿರಿ. ಒಲೆಯ ಮೇಲಿಟ್ಟು ಬೇಯಿಸಬಾರದು. ಬೆಳಗಾಗುವಷ್ಟರಲ್ಲಿ ಊದಿಕೊಂಡ ಬೀಜಗಳು ಊರಲು ಸಿದ್ಧ. ಊದದವುಗಳನ್ನು ಮತ್ತೊಮ್ಮೆ ಉಜ್ಜಿ ನೆನೆಹಾಕಿರಿ.

ನಾಲ್ಕನೆಯ ಹೆಜ್ಜೆ: ಊರುವುದು, ಮತ್ತು ಬೇರಿನ ಮಾತು

ಬನ್ನಿಯ ಮೊಳಕೆ ನೆಲದ ಮೇಲೆ ಎರಡೆಲೆ ತೋರುವಷ್ಟರಲ್ಲಿ ನೆಲದೊಳಗೆ ಅದರ ತಾಯಿಬೇರು ಬಹಳ ಮುಂದೆ ಹೋಗಿರುತ್ತದೆ. ಇಡೀ ಮರದ ಬಾಳು ಆ ಒಂದು ಬೇರಿನ ಮೇಲೆ ನಿಂತಿದೆ. ಬರಗಾಲದಲ್ಲಿ ಸುತ್ತಲಿನ ಹೊಲವೆಲ್ಲ ಬೂದಿಯಾದಾಗ ಬನ್ನಿ ಚಿಗುರೊಡೆದು ನಿಂತಿರುವುದು ಆಳದ ತೇವವನ್ನು ಅದು ಮುಟ್ಟಿರುವುದರಿಂದಲೇ. ಚೀಲದ ತಳಕ್ಕೆ ತಾಗಿದ ಬೇರು ಅಲ್ಲಿಯೇ ಸುತ್ತತೊಡಗುತ್ತದೆ. ಹಾಗೆ ಸುತ್ತಿದ್ದನ್ನು ನೆಲಕ್ಕಿಟ್ಟರೆ ಮುಂದೆ ನೆಟ್ಟಗೆ ಇಳಿಯುವುದು ಅಪರೂಪ. ನಾನು ಎರಡನೆಯ ಸಲ ತಂದ ಗಿಡ ನಿಜವಾದ ಬನ್ನಿಯೇ ಆಗಿತ್ತು, ನನ್ನ ಎದೆಯೆತ್ತರವೂ ಇತ್ತು. ನೆಟ್ಟ ಮೂರನೆಯ ವರ್ಷದ ಒಂದು ಗಾಳಿಗೆ ವಾಲಿತು. ಕಿತ್ತು ನೋಡಿದರೆ ಅದರ ಬೇರು ಸಿಂಬೆ ಸುತ್ತಿದ ಹಗ್ಗದಂತಿತ್ತು.

ಈ ಕಾರಣಕ್ಕೆ, ಮರ ಎಲ್ಲಿ ನಿಲ್ಲಬೇಕೋ ಅಲ್ಲಿಯೇ ಬೀಜ ಊರುವುದು ಅತ್ಯುತ್ತಮ ಎನ್ನುತ್ತೇನೆ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ತೆಗ್ಗು ತೆಗೆಸಿ ಬಿಸಿಲಿಗೆ ಬಿಡಿರಿ. ಗರಸು ನೆಲವಾದರೆ ತಳವನ್ನು ಹಾರೆಯಿಂದ ಇನ್ನೊಂದು ಅಡಿ ಸಡಿಲಗೊಳಿಸಬೇಕು. ತೆಗೆದ ಮಣ್ಣಿಗೆ ಅದರ ಕಾಲುಭಾಗದಷ್ಟು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಒಂದೆರಡು ಹಿಡಿ ಬೇವಿನ ಹಿಂಡಿಯನ್ನೂ ಬೆರೆಸಿ ಮರಳಿ ತುಂಬಿರಿ. ಹಿಂಡಿ ಗೆದ್ದಲಿಗಾಗಿ. ಹಸಿ ಸಗಣಿ ಹಾಕಿದರೆ ಗೆದ್ದಲನ್ನು ಕರೆದು ಕೂರಿಸಿದಂತೆ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ತಾನೇ ಹಿಡಿದುಕೊಳ್ಳುವ ದ್ವಿದಳ ಕುಟುಂಬದ ಈ ಮರಕ್ಕೆ ಯೂರಿಯಾ ಬೇಕಿಲ್ಲ.

ಎರೆ ಭೂಮಿಯವರು ಒಂದು ತಪ್ಪು ಮಾಡುತ್ತಾರೆ. ನೀರು ಬಸಿಯಲೆಂದು ತೆಗ್ಗಿಗೆ ಮರಳು, ಗರಸು ತುಂಬುತ್ತಾರೆ. ಸುತ್ತಲಿನ ಎರೆಮಣ್ಣು ನೀರನ್ನು ಬಿಟ್ಟುಕೊಡದೆ ಇರುವುದರಿಂದ ಆ ತೆಗ್ಗು ಮಳೆಗಾಲದಲ್ಲಿ ಸಣ್ಣ ಬಾವಿಯಾಗಿ ಸಸಿಯ ಬೇರು ಕೊಳೆಯುತ್ತದೆ. ಅಲ್ಲಿ ತೆಗೆದ ಮಣ್ಣನ್ನೇ ತುಂಬಿ, ನೆಲಮಟ್ಟಕ್ಕಿಂತ ಒಂದಡಿ ಎತ್ತರದ, ನಾಲ್ಕಡಿ ಅಗಲದ ದಿಬ್ಬ ಮಾಡಿ ಅದರ ನೆತ್ತಿಯಲ್ಲಿ ಬೀಜ ಊರಬೇಕು.

ಮಿರಗದ ಮಳೆ ಒಂದೆರಡು ಸಲ ಹದವಾಗಿ ಬಿದ್ದ ಮೇಲೆ, ಆರಿದ್ರದ ಹೊತ್ತಿಗೆ, ಅಂದರೆ ಜೂನ್ ನಡುವಿನಿಂದ ಕೊನೆಯವರೆಗೆ, ಬೀಜಗಳನ್ನು ಅರ್ಧ ಇಂಚು ಆಳಕ್ಕೆ, ಒಂದೊಂದು ಗೇಣು ಅಂತರದಲ್ಲಿ ನಾಲ್ಕೈದು ಊರಿರಿ. ಒಂದೆರಡು ವಾರದಲ್ಲಿ ಮೊಳಕೆ ಕಾಣುತ್ತದೆ. ದಸರೆಯ ಹೊತ್ತಿಗೆ ಗಟ್ಟಿಯಾದ ಒಂದನ್ನು ಉಳಿಸಿ ಉಳಿದವನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿರಿ. ಕಿತ್ತರೆ ಪಕ್ಕದ ಬೇರು ಅಲುಗುತ್ತದೆ.

ಚೀಲದಲ್ಲಿಯೇ ಬೆಳೆಸಬೇಕಾದ ಅನಿವಾರ್ಯವಿದ್ದರೆ ಒಂದಡಿಗಿಂತ ಕಡಿಮೆಯಿಲ್ಲದ ಆಳದ ಚೀಲ ಬಳಸಿ, ತಿಂಗಳಿಗೊಮ್ಮೆ ಎತ್ತಿ ಜಾಗ ಬದಲಿಸಿ, ಮರುವರ್ಷದ ಮಳೆಗಾಲ ದಾಟದಂತೆ ನೆಟ್ಟುಬಿಡಿ. ನರ್ಸರಿಯಲ್ಲಿ ಕೊಳ್ಳುವಾಗ ಎತ್ತರದ ಗಿಡಕ್ಕೆ ಮರುಳಾಗದೆ ಗೇಣುದ್ದದ ಚಿಕ್ಕದನ್ನು ಆರಿಸಿರಿ.

ಐದನೆಯ ಹೆಜ್ಜೆ: ಮೊದಲ ಮೂರು ವರ್ಷ

ಮೊದಲ ವರ್ಷ ಸಸಿ ಮೊಣಕಾಲಿನೆತ್ತರ ಬಂದರೆ ಸಮಾಧಾನಪಡಬೇಕು. ಬೆಳೆಯುತ್ತಿಲ್ಲವೆಂದು ನೀರು, ಗೊಬ್ಬರ ಸುರಿಯುವವರೇ ಹೆಚ್ಚು. ಗಿಡವು ಆ ಸಮಯದಲ್ಲಿ ಕೆಳಮುಖವಾಗಿ ಬೆಳೆಯುತ್ತಿರುತ್ತದೆ. ಮಳೆ ನಿಂತ ಮೇಲೆ ಮೊದಲ ವರ್ಷ ವಾರಕ್ಕೊಮ್ಮೆ ಒಂದು ಕೊಡ ನೀರು, ಎರಡನೆಯ ವರ್ಷದ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಎರಡು ಕೊಡ, ಮೂರನೆಯ ವರ್ಷ ತಿಂಗಳಿಗೊಮ್ಮೆ, ಆಮೇಲೆ ಇಲ್ಲ. ದಿನಾ ಚೊಂಬಿನಿಂದ ಸ್ವಲ್ಪಸ್ವಲ್ಪ ಎರೆದರೆ ಬೇರು ಮೇಲುಮಣ್ಣಿನಲ್ಲಿಯೇ ಹರಡಿ ಆಳಕ್ಕಿಳಿಯುವುದನ್ನು ಮರೆಯುತ್ತದೆ. ತಳದಲ್ಲಿ ಸಣ್ಣ ತೂತು ಮಾಡಿದ ಹಳೆಯ ಗಡಗಿಯನ್ನು ಸಸಿಯಿಂದ ಒಂದೂವರೆ ಅಡಿ ದೂರ ಹೂತು ತುಂಬಿಸುವುದು ನಮ್ಮ ಕಡೆಯ ಬೇಸಿಗೆಗೆ ಹೇಳಿಮಾಡಿಸಿದ ವಿಧಾನ. ಬುಡದ ಸುತ್ತ ಜೋಳದ ರವದಿಯನ್ನು ಹೊದಿಸಬಹುದು, ಕಾಂಡಕ್ಕೆ ಮಾತ್ರ ತಾಗಿಸಬಾರದು.

ಆಡುಗಳಿಗೆ ಬನ್ನಿಯ ಎಲೆ ಬಲು ಇಷ್ಟ. ಬೇಲಿಯಿಲ್ಲದ ಸಸಿಗೆ ಆಯುಷ್ಯವಿಲ್ಲ. ಬಳ್ಳಾರಿ ಜಾಲಿಯ ಒಣ ಮುಳ್ಳುಕಂಟಿಯನ್ನು, ಕಾಯಿ ಇಲ್ಲದ್ದನ್ನು ನೋಡಿ ತಂದು, ಸುತ್ತಲೂ ಒಟ್ಟಿದರೆ ಸಾಕು. ಆ ಮರದಿಂದ ಬನ್ನಿಗೆ ಆಗಬಹುದಾದ ಉಪಕಾರ ಅದೊಂದೇ.

ಸವರುವುದನ್ನು ಮೂರನೆಯ ವರ್ಷದವರೆಗೆ ಆರಂಭಿಸಬಾರದು. ಅನಂತರ ಪ್ರತಿ ವರ್ಷ ಚಳಿಗಾಲದಲ್ಲಿ ಕೆಳಗಿನ ಒಂದೆರಡು ರೆಂಬೆಗಳನ್ನು ಕಾಂಡಕ್ಕೆ ಹತ್ತಿರವಾಗಿ, ತೊಗಟೆ ಸೀಳದಂತೆ ಗರಗಸದಿಂದ ತೆಗೆಯುತ್ತ ಬಂದರೆ, ಏಳೆಂಟು ವರ್ಷದಲ್ಲಿ ಕೆಳಗೆ ಹೊರಸು ಹಾಕಿ ಕೂರುವಷ್ಟು ಎತ್ತರಕ್ಕೆ ನೆರಳು ಏರುತ್ತದೆ. ತುದಿಯನ್ನು ಮೊಟಕುಗೊಳಿಸಬೇಡಿ. ಬನ್ನಿಯ ನೆರಳು ಬೇವಿನಷ್ಟು ದಟ್ಟವಾದದ್ದಲ್ಲ. ಕೆಳಗೆ ಮಲ್ಲಿಗೆಯನ್ನೋ ಸೊಪ್ಪನ್ನೋ ಬೆಳೆಯಲು ಅಡ್ಡಿಯಿಲ್ಲ. ರೈತರು ಹೊಲದ ನಡುವೆಯೂ ಈ ಮರವನ್ನು ಉಳಿಸಿಕೊಂಡು ಬಂದಿರುವುದು ಭಕ್ತಿಯಿಂದ ಮಾತ್ರವಲ್ಲ.

ಕೆಲವು ವರ್ಷಗಳ ನಂತರ ಎಲೆ, ರೆಂಬೆಗಳ ಮೇಲೆ ಗಂಟುಗಳು ಕಾಣಿಸಿಕೊಂಡಾವು. ಅವು ಸಣ್ಣ ಕೀಟ ಮತ್ತು ನುಸಿಗಳು ಉಂಟುಮಾಡುವ ಗಂಟುಗಳು. ಮರಕ್ಕೆ ಪ್ರಾಣಾಪಾಯವಿಲ್ಲ, ಔಷಧಿ ಹೊಡೆಯುವ ಅಗತ್ಯವೂ ಇಲ್ಲ. ಹೆಚ್ಚಾಗಿದ್ದರೆ ಆ ರೆಂಬೆಗಳನ್ನು ಸವರಿ ಸುಟ್ಟುಹಾಕಿರಿ. ಬುಡದಲ್ಲಿ ಕೊಡೆಯಂಥ ಗಟ್ಟಿ ಅಣಬೆ ಕಂಡರೆ ಮಾತ್ರ ಎಚ್ಚರವಾಗಬೇಕು. ಅದು ಬೇರು ಕೊಳೆಯುತ್ತಿರುವ ಸೂಚನೆಯಾಗಿರಬಹುದು, ಸುತ್ತ ನಿಲ್ಲುವ ನೀರನ್ನು ಕಾಲುವೆ ತೆಗೆದು ಹೊರಗೆ ಹರಿಸಬೇಕು.

ದಸರೆಯ ದಿನದ ಎಚ್ಚರ

ಇಷ್ಟೆಲ್ಲ ದಾಟಿದ ಗಿಡಕ್ಕೆ ಗಂಡಾಂತರ ಬರುವುದು ವಿಜಯದಶಮಿಯಂದು. ಅಂಗಳದಲ್ಲಿ ಬನ್ನಿಯಿದೆಯೆಂದು ತಿಳಿದರೆ ಓಣಿಯವರೆಲ್ಲ ಸಂಜೆ ಸೀಮೋಲ್ಲಂಘನದ ಹೊತ್ತಿಗೆ ಬಂದೇ ಬರುತ್ತಾರೆ. ‘ಬನ್ನಿ ತಗೊಂಡು ಬಂಗಾರದಂಗ ಇರೂಣ್ರೀ’ ಎಂದು ಬಂದವರಿಗೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ, ಅನ್ನಲೂಬಾರದು. ಆದರೆ ಕೈಗೆ ಸಿಕ್ಕ ರೆಂಬೆಯನ್ನು ಎಳೆದು ಮುರಿದರೆ ತೊಗಟೆ ಕಾಂಡದವರೆಗೂ ಸುಲಿದು ಬರುತ್ತದೆ; ಐದು ವರ್ಷದ ಗಿಡವೊಂದು ಒಂದೇ ಸಂಜೆಯಲ್ಲಿ ಬೋಳಾದದ್ದನ್ನು ನೋಡಿದ್ದೇನೆ. ಗಿಡ ಹತ್ತು ವರ್ಷದ್ದಾಗುವವರೆಗೆ, ಆ ದಿನ ಬೆಳಿಗ್ಗೆ ಪೂಜೆ ಮುಗಿಸಿ ನೀವೇ ಚೂಪಾದ ಕತ್ತರಿಯಿಂದ ಚಿಕ್ಕ ತುದಿಗಳನ್ನು, ಒಟ್ಟು ಎಲೆಯ ಹತ್ತರಲ್ಲೊಂದು ಭಾಗ ಮೀರದಂತೆ, ಕತ್ತರಿಸಿ ಬುಟ್ಟಿಯಲ್ಲಿ ತುಂಬಿ ಬಾಗಿಲ ಬಳಿ ಇಟ್ಟುಬಿಡಿ. ಬಂದವರಿಗೆ ಮುಳ್ಳು ಚುಚ್ಚುವುದೂ ತಪ್ಪುತ್ತದೆ. ಆದರೂ ಯಾರಾದರೂ ಮುರಿದುಕೊಂಡು ಹೋಗಿದ್ದರೆ, ಮರುದಿನವೇ ಸೀಳಿದ ತುಂಡನ್ನು ಕಾಂಡದ ಕಡೆಗಿನ ಗಿಣ್ಣಿನವರೆಗೆ ನಯವಾಗಿ ಕತ್ತರಿಸಿ ಬಿಡಬೇಕು. ಗಾಯಕ್ಕೆ ಸಗಣಿಯನ್ನಾಗಲಿ ಬಣ್ಣವನ್ನಾಗಲಿ ಮೆತ್ತುವುದು ಬೇಡ, ಹಿಂಗಾರಿನ ಒಣಗಾಳಿಯಲ್ಲಿ ಅದು ತಾನಾಗಿಯೇ ಮಾಯುತ್ತದೆ.